ಆಂಪ್ಲಿಫೈಯರ್ ಇದೆ, ಸ್ಪೀಕರ್ ಇವೆ. ಮ್ಯೂಸಿಕ್ ಸ್ಟ್ರೀಮರ್ ಬೇರೆ ಬೇಕಾ?

ನಾದಲೋಲ_ಮೈಸೂರು

ಎಲ್ಲರಿಗೂ ನಮಸ್ಕಾರ. ಸೆಟಪ್ ಹೀಗಿದೆ: ಯಮಹಾ ಎ-ಎಸ್301 ಆಂಪ್ಲಿಫೈಯರ್, ವಾರ್ಫ್‌ಡೇಲ್ ಡೈಮಂಡ್ 12.1 ಸ್ಪೀಕರ್, 12×10 ಅಡಿ ಕೋಣೆ, ಚಾವಣಿ 10 ಅಡಿ. ಹಾಡು ಆಂಡ್ರಾಯ್ಡ್ ಫೋನ್‌ನಿಂದ ಒಂದು ಬ್ಲೂಟೂತ್ ರಿಸೀವರ್ ಮೂಲಕ ಆಂಪ್‌ಗೆ ಹೋಗುತ್ತೆ. ಸ್ಪಾಟಿಫೈ ಚಂದಾ ಇದೆ. ಅದರ ಜೊತೆ ಸುಮಾರು 250 ಸಿಡಿಗಳನ್ನು ಫ್ಲ್ಯಾಕ್ (ಗುಣಮಟ್ಟ ಕಳೆಯದೆ ಕುಗ್ಗಿಸೋ ಫೈಲ್ ರೂಪ) ಮಾಡಿ ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟಿದ್ದೇನೆ, ಹೆಚ್ಚಿನವು ಕರ್ನಾಟಕ ಸಂಗೀತದ ಕಛೇರಿಗಳು.

ತೊಂದರೆ ಮೂರು. ಫೋನ್ ಬಂದರೆ ಹಾಡು ನಿಲ್ಲುತ್ತೆ. ಫೋನ್ ಹಿಡಿದು ಅಡುಗೆಮನೆಗೆ ಹೋದರೆ ಕಡಿದು ಕಡಿದು ಬರುತ್ತೆ. ಹಾರ್ಡ್‌ಡಿಸ್ಕ್‌ನಲ್ಲಿರೋದನ್ನು ಕೇಳೋಕೆ ಲ್ಯಾಪ್‌ಟಾಪ್ ಹಚ್ಚಬೇಕು. 20,000 ರೂಪಾಯಿ ಒಳಗೆ ಬೇರೆಯಾಗಿ ಸ್ಟ್ರೀಮರ್ (ವೈಫೈನಿಂದ ನೇರ ಹಾಡು ತಂದು ಆಂಪ್‌ಗೆ ಕೊಡೋ ಪೆಟ್ಟಿಗೆ) ತಗೊಂಡರೆ ಇವು ಸರಿಹೋಗ್ತವಾ? ಧ್ವನಿ ಗುಣಮಟ್ಟವೂ ಏರುತ್ತಾ?

ಸರ್ಕ್ಯೂಟ್_ಶಾಸ್ತ್ರಿ

ನಿಮ್ಮ ಮೂರು ತೊಂದರೆಗಳೂ ಸರಿಹೋಗ್ತವೆ. ಧ್ವನಿ ಗುಣಮಟ್ಟದ ಆಸೆಯನ್ನು ಮಾತ್ರ ಸ್ವಲ್ಪ ಪಕ್ಕಕ್ಕಿಡಿ, ಯಾಕೆ ಅಂತ ಹೇಳ್ತೇನೆ.

ಸ್ಟ್ರೀಮರ್ ಪೆಟ್ಟಿಗೆಯೊಳಗೆ ಎರಡು ಕೆಲಸ ನಡೆಯುತ್ತೆ. ಒಂದು, ವೈಫೈ ಅಥವಾ ಈಥರ್ನೆಟ್‌ನಿಂದ ಹಾಡಿನ ಡೇಟಾ ತಂದು ಬಿಡಿಸೋದು. ಇನ್ನೊಂದು, ಆ ಅಂಕಿಗಳನ್ನು ಅನಲಾಗ್ ಸಿಗ್ನಲ್ ಮಾಡೋದು, ಅಂದರೆ ಡಿಎಸಿ ಕೆಲಸ. ಎ-ಎಸ್301ರ ಹಿಂಬದಿ ನೋಡಿ, ಒಂದು ಆಪ್ಟಿಕಲ್, ಒಂದು ಕೋಆಕ್ಸಿಯಲ್ ಇನ್‌ಪುಟ್ ಇದೆ. ಡಿಎಸಿ ಆಂಪ್‌ನಲ್ಲೇ ಇದೆ. ನಿಮಗೆ ಇಲ್ಲದಿರೋದು ಮೊದಲನೇ ಕೆಲಸ ಮಾಡೋ ಸಾಧನ ಮಾತ್ರ, ಹಾಗಾಗಿ ಡಿಎಸಿ ಚಿಪ್ ಹೆಸರು ಹೇಳಿ ಮಾರೋ ದುಬಾರಿ ಮಾಡೆಲ್ ಬೇಕಿಲ್ಲ.

ಈಗಿನ ದಾರಿ ನೋಡಿ: ಸ್ಪಾಟಿಫೈ ಕಳಿಸೋ 320 ಕೆಬಿಪಿಎಸ್ ಆಗ್ ವೋರ್ಬಿಸ್ (ಕುಗ್ಗಿಸಿದ ಆಡಿಯೋ ರೂಪ) ಅನ್ನು ಫೋನ್ ಬಿಡಿಸುತ್ತೆ, ನೋಟಿಫಿಕೇಶನ್ ಸದ್ದಿನ ಜೊತೆ ಬೆರೆಸುತ್ತೆ, ಸಾಮಾನ್ಯವಾಗಿ 48 ಕಿಲೋಹರ್ಟ್ಸ್‌ಗೆ ಬದಲಿಸುತ್ತೆ, ಆಮೇಲೆ ಬ್ಲೂಟೂತ್‌ಗಾಗಿ ಎಸ್‌ಬಿಸಿ ಅಥವಾ ಎಎಸಿ ಅನ್ನೋ ರೂಪಕ್ಕೆ ಮತ್ತೆ ಕುಗ್ಗಿಸುತ್ತೆ. ಒಂದೇ ಹಾಡು ಎರಡು ಸಲ ಸಂಕುಚಿತವಾಗುತ್ತೆ. ಸ್ಪಾಟಿಫೈ ಕನೆಕ್ಟ್ ಇರೋ ಸ್ಟ್ರೀಮರ್ ಆದರೆ ಸರ್ವರ್‌ನಿಂದ ನೇರ ತಾನೇ ಹಾಡು ಎಳೆದುಕೊಳ್ಳುತ್ತೆ, ಫೋನ್ ಬರೀ ರಿಮೋಟ್. ಹಾಡು ಶುರುವಾದ ಮೇಲೆ ಫೋನ್ ಸ್ವಿಚ್ ಆಫ್ ಆದರೂ ನಿಲ್ಲಲ್ಲ.

ಈ ನೆಮ್ಮದಿಗೆ ದುಡ್ಡು ಕೊಡಿ. ಸಂಗೀತ ಬೇರೆಯೇ ಲೋಕದಂತೆ ಕೇಳುತ್ತೆ ಅನ್ನೋ ನಂಬಿಕೆಗೆ ಕೊಡಬೇಡಿ.

ಜಾಲಹಳ್ಳಿ_ಜಾಲಿಗ

ಕೊಳ್ಳೋ ಮೊದಲು ಮನೆಯಲ್ಲಿರೋ ಸಾಮಾನಿನಲ್ಲೇ ಪರೀಕ್ಷೆ ಮಾಡಿ. ಸ್ಮಾರ್ಟ್ ಟಿವಿ ಇದ್ದರೆ ಅದರ ಆಪ್ಟಿಕಲ್ ಔಟ್‌ನಿಂದ ಆಂಪ್‌ನ ಆಪ್ಟಿಕಲ್ ಇನ್‌ಗೆ ಒಂದು ಕೇಬಲ್ ಹಾಕಿ, ಟಿವಿಯ ಸ್ಪಾಟಿಫೈ ಆ್ಯಪ್ ತೆರೆಯಿರಿ, ಫೋನ್‌ನಿಂದ ಅದನ್ನೇ ಸಾಧನವಾಗಿ ಆರಿಸಿ. ಟಿವಿಯ ಡಿಜಿಟಲ್ ಔಟ್‌ಪುಟ್ ಸೆಟ್ಟಿಂಗ್ ಪಿಸಿಎಂ (ಕುಗ್ಗಿಸದ ಸಾದಾ ಡಿಜಿಟಲ್ ಸಿಗ್ನಲ್) ಅಂತಿರಲಿ. ಬಿಟ್‌ಸ್ಟ್ರೀಮ್ ಅಥವಾ ಡಾಲ್ಬಿ ಇದ್ದರೆ ಎ-ಎಸ್301ಗೆ ಅದು ಅರ್ಥವಾಗಲ್ಲ, ಸ್ಪೀಕರ್‌ನಿಂದ ಏನೂ ಬರಲ್ಲ. ಇಲ್ಲಿ ಬಹಳ ಜನ ಕೇಬಲ್ ಕೆಟ್ಟಿದೆ ಅಂತ ವಾಪಸ್ ಕಳಿಸ್ತಾರೆ.

ಇದರಲ್ಲೇ ಸಮಾಧಾನವಾದರೆ ಹೊಸ ಪೆಟ್ಟಿಗೆ ಬೇಡ. ಕೊರತೆ ಎರಡು: ಪರದೆ ಹಚ್ಚಿಯೇ ಇಡಬೇಕು, ಮತ್ತು ಬಹುತೇಕ ಟಿವಿ, ಟಿವಿ ಸ್ಟಿಕ್‌ಗಳು ಎಲ್ಲವನ್ನೂ 48 ಕಿಲೋಹರ್ಟ್ಸ್ ಮಾಡಿ ಕಳಿಸ್ತವೆ. ಸಿಡಿ ಇರೋದು 44.1ರಲ್ಲಿ. ಚೆನ್ನಾಗಿ ಮಾಡಿದ ಪರಿವರ್ತನೆ ಕಿವಿಗೆ ಗೊತ್ತಾಗೋದು ಕಷ್ಟ, ಹಾಗಾಗಿ ಇದೊಂದೇ ಕಾರಣಕ್ಕೆ ದುಡ್ಡು ಸುರಿಯಬೇಡಿ.

ನಾದಲೋಲ_ಮೈಸೂರು

ಟಿವಿ ಬೇರೆ ಕೋಣೆಯಲ್ಲಿದೆ, ಆ ದಾರಿ ಆಗಲ್ಲ. ವೈಮ್ ಬ್ರ್ಯಾಂಡಿನ ಸ್ಟ್ರೀಮರ್‌ಗಳಲ್ಲಿ ಮಿನಿ, ಪ್ರೋ, ಪ್ರೋ ಪ್ಲಸ್, ಅಲ್ಟ್ರಾ ಅಂತ ಒಂದು ಸಾಲೇ ಇದೆ. ಗೂಗಲ್‌ನ ಹಳೆಯ ಕ್ರೋಮ್‌ಕಾಸ್ಟ್ ಆಡಿಯೋ ಸೆಕೆಂಡ್‌ಹ್ಯಾಂಡ್ ಕಡಿಮೆ ಬೆಲೆಗೆ ಸಿಗ್ತಿದೆ. ಯಾವುದು?

ಸರ್ಕ್ಯೂಟ್_ಶಾಸ್ತ್ರಿ

ಕ್ರೋಮ್‌ಕಾಸ್ಟ್ ಆಡಿಯೋ ಒಳ್ಳೆಯ ಸಾಧನವೇ. 2015ರಲ್ಲಿ ಬಂತು, 24 ಬಿಟ್/96 ಕಿಲೋಹರ್ಟ್ಸ್‌ವರೆಗೆ ನುಡಿಸುತ್ತೆ, 3.5 ಮಿಲಿಮೀಟರ್ ತೂತಿನಲ್ಲೇ ಮಿನಿ ಆಪ್ಟಿಕಲ್ ಕೂಡ ಇದೆ. ಆದರೆ 2019ರ ಜನವರಿಯಲ್ಲಿ ತಯಾರಿ ನಿಲ್ಲಿಸಿದರು. 2025ರ ಮಾರ್ಚ್‌ನಲ್ಲಿ ಒಳಗಿನ ಭದ್ರತಾ ಸರ್ಟಿಫಿಕೇಟ್ ಅವಧಿ ಮುಗಿದು ಜಗತ್ತಿನಾದ್ಯಂತ ಇವು ಒಟ್ಟಿಗೆ ಕೈಕೊಟ್ಟವು. ಗೂಗಲ್ ಕೆಲವು ದಿನಗಳಲ್ಲಿ ಅಪ್‌ಡೇಟ್ ಕಳಿಸಿ ಸರಿಪಡಿಸಿತು. ಆ ನಡುವೆ ದಾರಿ ಕಾಣದೆ ಫ್ಯಾಕ್ಟರಿ ರೀಸೆಟ್ ಮಾಡಿದವರಿಗೆ ಮತ್ತೆ ಸೆಟಪ್ ಮಾಡೋದೇ ಕಷ್ಟವಾಯಿತು. ಇಂದು ದುಡ್ಡು ಹಾಕಿ ಕೊಳ್ಳೋ ವಸ್ತು ಅಲ್ಲ, ಮನೆಯಲ್ಲಿದ್ದರೆ ಬಳಸಿ.

ವೈಮ್ ಸಾಲಿನಲ್ಲಿ ನಿಮಗೆ ಪ್ರೋ ಸಾಕು. ಅದರಲ್ಲಿ ಕೋಆಕ್ಸಿಯಲ್, ಆಪ್ಟಿಕಲ್, ಅನಲಾಗ್ ಮೂರೂ ಔಟ್‌ಪುಟ್ ಇವೆ. ಗೂಗಲ್ ಕಾಸ್ಟ್ (ಫೋನ್ ಆ್ಯಪ್‌ನಿಂದ ವೈಫೈನಲ್ಲಿ ಹಾಡು ಕಳಿಸೋ ದಾರಿ), ಏರ್‌ಪ್ಲೇ 2 (ಆಪಲ್‌ನ ಅಂಥದ್ದೇ ದಾರಿ), ಸ್ಪಾಟಿಫೈ ಕನೆಕ್ಟ್ ಇವೆ, ಈಥರ್ನೆಟ್ ಪೋರ್ಟ್ ಇದೆ. ಪ್ರೋ ಪ್ಲಸ್‌ಗೆ ಹೆಚ್ಚಿನ ದುಡ್ಡು ಕೊಡೋದು ಮುಖ್ಯವಾಗಿ ಎಕೆಎಂ ಡಿಎಸಿಗೆ. ಕೋಆಕ್ಸಿಯಲ್‌ನಲ್ಲಿ ಆಂಪ್‌ಗೆ ಕೊಟ್ಟರೆ ಆ ಚಿಪ್ ಸುಮ್ಮನೆ ಕೂತಿರುತ್ತೆ. ಮಿನಿಯಲ್ಲಿ ಗೂಗಲ್ ಕಾಸ್ಟ್ ಇಲ್ಲ. ಆಂಡ್ರಾಯ್ಡ್ ಮನೆಗೆ ಅದು ದೊಡ್ಡ ಕೊರತೆ, ಯೂಟ್ಯೂಬ್ ಮ್ಯೂಸಿಕ್ ಕಾಸ್ಟ್ ಮಾಡೋಕೆ ಆಗಲ್ಲ. ಅಲ್ಟ್ರಾದಲ್ಲಿ ಪರದೆ, ಎಚ್‌ಡಿಎಂಐ ಎಆರ್‌ಸಿ (ಟಿವಿ ಸದ್ದಿಗೆ), ಫೋನೋ ಇನ್‌ಪುಟ್ (ರೆಕಾರ್ಡ್ ಪ್ಲೇಯರ್‌ಗೆ) ಎಲ್ಲ ಇದ್ದರೂ ಏರ್‌ಪ್ಲೇ ಇಲ್ಲ. ಐಫೋನ್ ಮನೆಯವರು ಇದನ್ನು ಗಮನಿಸದೆ ಕೊಂಡು ಆಮೇಲೆ ಪೇಚಾಡ್ತಾರೆ.

ಇನ್ನೊಂದು ಮಾತು. ಪ್ರೋದ ಯುಎಸ್‌ಬಿ-ಸಿ ಪೋರ್ಟ್ ಕರೆಂಟ್‌ಗೆ ಮಾತ್ರ. ನಿಮ್ಮ ಹಾರ್ಡ್‌ಡಿಸ್ಕ್ ಅದಕ್ಕೆ ಸಿಕ್ಕಿಸೋಕೆ ಆಗಲ್ಲ.

ಹುಬ್ಳಿ_ಹೈಫೈ

ಶಾಸ್ತ್ರಿ ಸರ್ ಹೇಳಿದ್ದು ಖರೆ ಐತ್ರಿ. ಆದ್ರ 250 ಸಿಡಿ ಫ್ಲ್ಯಾಕ್ ಇಟ್ಕೊಂಡವ್ರಿಗೆ ರಾಸ್ಪ್‌ಬೆರಿ ಪೈ ಅನ್ನೂ ಅಂಗೈಯಷ್ಟ ಕಂಪ್ಯೂಟರ್ ಬೋರ್ಡಿನ ಹೆಸರ ಹೇಳದಿದ್ರ ಹ್ಯಾಂಗ್ರಿ? ಡಿಸ್ಕ್ ಹಚ್ಚಾಕ ಅದಕ್ಕ ನಾಕ್ ಯುಎಸ್‌ಬಿ ಪೋರ್ಟ್ ಅದಾವ.

ಬೇಕಾಗೂ ಸಾಮಾನ: ಪೈ 4 ಬೋರ್ಡ್, 2 ಜಿಬಿ ಸಾಕು. 5 ವೋಲ್ಟ್ 3 ಆಂಪಿಯರ್ ಯುಎಸ್‌ಬಿ-ಸಿ ಅಡಾಪ್ಟರ್. 16 ಜಿಬಿ ಮೈಕ್ರೋಎಸ್‌ಡಿ ಕಾರ್ಡ್. ಮ್ಯಾಲ ಕೂಡ್ರಸಾಕ ಪಿಸಿಎಂ5122 ಚಿಪ್ ಇರೂ ಡಿಎಸಿ ಬೋರ್ಡ್, ಇಲ್ಲಾ ಕೋಆಕ್ಸಿಯಲ್ ಔಟ್ ಇರೂ ಡಿಜಿ ಬೋರ್ಡ್. ಪೈನಾಗ ಆಪ್ಟಿಕಲ್ಲೂ ಇಲ್ಲ, ಕೋಆಕ್ಸಿಯಲ್ಲೂ ಇಲ್ಲ, ಅದಕ್ಕ ಈ ಬೋರ್ಡ್ ಬೇಕ ಬೇಕು. 250 ಸಿಡಿ ಅಂದ್ರ ಸಿಡಿಗೆ 350 ಎಂಬಿ ಹಿಡುದ್ರ 90 ಜಿಬಿ ಒಳಗ ಬರ್ತಾವು, 128 ಜಿಬಿ ಪೆನ್‌ಡ್ರೈವ್ ಸಾಕಾಗ್ತದ. ತಿರುಗೂ ಹಾರ್ಡ್‌ಡಿಸ್ಕ್ ನೇರ ಪೈಗೆ ಹಚ್ಚಬ್ಯಾಡ್ರಿ, ಶುರುವಾಗೂ ಹೊತ್ತಿಗೆ ಕರೆಂಟ್ ಜಗ್ಗತದ.

ಸಾಫ್ಟ್‌ವೇರ್ ಪೈಕೋರ್‌ಪ್ಲೇಯರ್ ಹಾಕ್ರಿ. ಕಾರಣ ಒಂದ ಐತಿ. ನಮ್ಮಲ್ಲಿ ಕರೆಂಟ್ ಹೇಳದ ಕೇಳದ ಹೋಗ್ತದ. ಬ್ಯಾರೆ ವ್ಯವಸ್ಥಾ ಕಾರ್ಡಿಗೆ ಬರಕೊಂತ ಇರೂ ಹೊತ್ತಿಗೆ ಕರೆಂಟ್ ಹೋದ್ರ ಕಾರ್ಡ್ ಕೆಡ್ತದ, ಮುಂದ ಪೈ ಎದ್ದ ಏಳೂದಿಲ್ಲ. ಪೈಕೋರ್‌ಪ್ಲೇಯರ್ ಪೂರ್ತಿ ರ‍್ಯಾಮ್‌ನಾಗ ಓಡ್ತದ, ಪ್ಲಗ್ ಕಿತ್ತಿ ಒಗದ್ರೂ ಕಾರ್ಡಿಗೆ ಏನಾಗೂದಿಲ್ಲ.

ಮಾಡೂ ರೀತಿ: ಇಮೇಜ್ ಇಳಿಸ್ಕೊಂಡು ಕಾರ್ಡಿಗೆ ಬರೀರಿ. ಮೊದಲನೇ ಸಲ ಈಥರ್ನೆಟ್ ವೈರ್ ಹಚ್ಚಿ ಆನ್ ಮಾಡ್ರಿ. ರೌಟರ್ ಪುಟದಾಗ ಅದರ ಐಪಿ ನೋಡಿ ಬ್ರೌಸರ್‌ನಾಗ ತೆರೀರಿ. ಸ್ಕ್ವೀಜ್‌ಲೈಟ್ (ಹಾಡು ನುಡಿಸೂ ತಂತ್ರಾಂಶ) ಪುಟದಾಗ ನಿಮ್ಮ ಡಿಎಸಿ ಬೋರ್ಡ್ ಆರಿಸಿ ಸೇವ್ ಮಾಡಿ ರೀಬೂಟ್ ಮಾಡ್ರಿ. ಆಮ್ಯಾಲ ಎಲ್‌ಎಂಎಸ್ (ಲಿರಿಯನ್ ಮ್ಯೂಸಿಕ್ ಸರ್ವರ್, ಹಾಡು ಹುಡುಕಿ ಕಳಸೂ ತಂತ್ರಾಂಶ) ಪುಟದಾಗ ಸರ್ವರ್ ಹಾಕ್ರಿ, ಪೆನ್‌ಡ್ರೈವ್ ಮೌಂಟ್ ಮಾಡ್ರಿ, ಫೋಲ್ಡರ್ ತೋರಿಸಿ ಸ್ಕ್ಯಾನ್ ಕೊಡ್ರಿ. ಡ್ರೈವ್ ಎನ್‌ಟಿಎಫ್‌ಎಸ್ (ವಿಂಡೋಸ್ ಫಾರ್ಮ್ಯಾಟ್) ಇದ್ರ ಅದ ಪುಟದಾಗ ಹೆಚ್ಚಿನ ಫೈಲ್ ಸಿಸ್ಟಮ್ ಹಾಕೂ ಗುಂಡಿ ಐತಿ, ಅದನ್ನ ಮೊದಲ ಒತ್ರಿ. ಇಲ್ಲಂದ್ರ ಡ್ರೈವ್ ಕಾಣೂದ ಇಲ್ಲ.

ತೊಂದ್ರಿ ಎಲ್ಲಿ ಬರ್ತದ ಅಂದ್ರ, ಮೊಬೈಲ್ ಚಾರ್ಜರ್, ಸಪೂರ ಉದ್ದನ್ನ ಕೇಬಲ್. ಪೈಗೆ ಹೋಗೂ ವೋಲ್ಟೇಜ್ 4.63ರ ಕೆಳಗ ಬಂತಂದ್ರ ವೇಗ ತಗ್ಗಸ್ತದ, ಹಾಡು ತಡವರಸ್ತದ. ಇನ್ನ ಅಲ್ಯುಮಿನಿಯಂ ಡಬ್ಬಿಯೊಳಗ ಇಟ್ರ ವೈಫೈ ಸೊರಗ್ತದ. ಪ್ಲಾಸ್ಟಿಕ್ ಡಬ್ಬಿ ತಗೋರಿ, ಇಲ್ಲಾ ವೈರ್ ಹಚ್ರಿ.

ಜಾಲಹಳ್ಳಿ_ಜಾಲಿಗ

ಹುಬ್ಳಿ ಸರ್, ಚೆನ್ನಾಗಿ ಹೇಳಿದ್ರಿ. ಒಂದು ಮಿತಿ ಸೇರಿಸ್ತೇನೆ. ಪೈನಲ್ಲಿ ಸ್ಪಾಟಿಫೈ ನಡೆಯೋದು ಮೂರನೆಯವರು ಬರೆದ ಕೋಡ್ ಮೇಲೆ. ಸ್ಪಾಟಿಫೈ ತನ್ನ ಕಡೆ ಏನಾದರೂ ಬದಲಿಸಿದ ದಿನ ಅದು ನಿಲ್ಲಬಹುದು. ಅಲ್ಲದೆ ಅದರಲ್ಲಿ 320 ಕೆಬಿಪಿಎಸ್ ಮಾತ್ರ. ಸ್ಪಾಟಿಫೈ 2025ರ ಸೆಪ್ಟೆಂಬರ್‌ನಲ್ಲಿ ತಂದ 24 ಬಿಟ್/44.1 ಲಾಸ್‌ಲೆಸ್ (ಏನೂ ಕಳೆಯದ ಗುಣಮಟ್ಟ) ಬೇಕು ಅಂದರೆ ಅಧಿಕೃತ ಕನೆಕ್ಟ್ ಇರೋ ಸಾಧನವೇ ಬೇಕು, ಭಾರತದಲ್ಲಿ ಪ್ಲಾಟಿನಂ ಪ್ಲಾನೂ ಬೇಕು. ಗೂಗಲ್ ಕಾಸ್ಟ್ ಪೈಗೆ ಅಧಿಕೃತವಾಗಿ ಇಲ್ಲ. ಏರ್‌ಪ್ಲೇ ಶೇರ್‌ಪೋರ್ಟ್ ಅನ್ನೋ ತಂತ್ರಾಂಶದ ಮೂಲಕ ಚೆನ್ನಾಗಿ ಬರುತ್ತೆ.

ಒಟ್ಟಿನಲ್ಲಿ ಸ್ವಂತ ಫೈಲ್‌ಗಳೇ ಮುಖ್ಯ, ಸ್ಪಾಟಿಫೈ ಅಪರೂಪ ಅನ್ನೋರಿಗೆ ಪೈ. ಮನೆಮಂದಿಯೆಲ್ಲ ತಮ್ಮ ತಮ್ಮ ಫೋನ್‌ನಿಂದ ಹಾಕೋ ಮನೆಗೆ ರೆಡಿಮೇಡ್ ಪೆಟ್ಟಿಗೆ.

ಡಲ್ಲಾಸ್_ಕನ್ನಡಿಗ

ನಾನು ಕೋಬಜ್ ಅನ್ನೋ ಸ್ಟ್ರೀಮಿಂಗ್ ಸೇವೆ ಬಳಸೋದು, ಅಂಥದ್ದೇ ಟೈಡಲ್ ಕೂಡ ಇತ್ತು. ಎರಡಕ್ಕೂ ಸ್ಟ್ರೀಮರ್ ಒಳಗೇ ಕನೆಕ್ಟ್ ಇರೋದರಿಂದ 24/192 ತನಕ ನೇರ ಬರುತ್ತೆ. ಇಷ್ಟು ಹೊತ್ತಾದರೂ ಯಾರೂ ಇವುಗಳ ಹೆಸರೇ ಎತ್ತಿಲ್ಲವಲ್ಲ?

ಸರ್ಕ್ಯೂಟ್_ಶಾಸ್ತ್ರಿ

ಎರಡೂ ಭಾರತದಲ್ಲಿ ಅಧಿಕೃತವಾಗಿ ಇಲ್ಲ ಸರ್, ಅದಕ್ಕೇ ಎತ್ತಿಲ್ಲ. ಹೊರದೇಶದ ವಿಮರ್ಶೆಗಳು ಸ್ಟ್ರೀಮರ್‌ನ ಬೆಲೆ ಕಟ್ಟೋದೇ ಇವೆರಡನ್ನು ನೆಚ್ಚಿಕೊಂಡು. ಅದನ್ನು ಓದಿ ಇಲ್ಲಿ ಕೊಂಡವರಿಗೆ ಅರ್ಧ ಸೌಲಭ್ಯ ಉಪಯೋಗಕ್ಕೇ ಬರಲ್ಲ. ನಿಮ್ಮ ಕಡೆಯವರಿಗೆ ಲೆಕ್ಕ ಬೇರೆ, ಅಲ್ಲಿ ಸ್ಟ್ರೀಮರ್ ಹೆಚ್ಚು ಸಾರ್ಥಕ.

ಇಲ್ಲಿ ಲಾಸ್‌ಲೆಸ್‌ಗೆ ಸುಲಭ ದಾರಿ ಆಪಲ್ ಮ್ಯೂಸಿಕ್. 2021ರಿಂದ ಅಲ್ಲಿ ಎಎಲ್‌ಎಸಿ (ಆಪಲ್‌ನ ಲಾಸ್‌ಲೆಸ್ ರೂಪ) ಇದೆ, ಬೇರೆ ಶುಲ್ಕ ಇಲ್ಲ. ಆದರೆ ಅದಕ್ಕೆ ಸ್ಪಾಟಿಫೈ ಥರದ ಕನೆಕ್ಟ್ ಈ ಪೆಟ್ಟಿಗೆಗಳಲ್ಲಿ ಇಲ್ಲ. ಐಫೋನ್ ಆದರೆ ಏರ್‌ಪ್ಲೇಯಲ್ಲಿ ಕಳಿಸಬೇಕು, ಅಲ್ಲಿಗೆ 24/192 ಅನ್ನೋ ಮಾತು ಮುಗಿಯಿತು. ಏರ್‌ಪ್ಲೇ 2ರಲ್ಲಿ ಆಪಲ್ ಮ್ಯೂಸಿಕ್ ಎಷ್ಟೋ ಸಲ 256 ಕೆಬಿಪಿಎಸ್ ಎಎಸಿಯನ್ನೇ ಕಳಿಸುತ್ತೆ. ಪೂರ್ಣ ಗುಣಮಟ್ಟ ಬೇಕೇ ಬೇಕು ಅಂದರೆ ಫೋನ್‌ಗೆ ಯುಎಸ್‌ಬಿ ಡಿಎಸಿ ಸಿಕ್ಕಿಸಿ ವೈರ್‌ನಲ್ಲಿ ಆಂಪ್‌ಗೆ ಕೊಡಿ. ಇಲ್ಲಿ ಚಿಕ್ಕ ಡಾಂಗಲ್ ದೊಡ್ಡ ಸ್ಟ್ರೀಮರ್‌ಗಿಂತ ಮುಂದೆ.

ಜಿಯೋಸಾವನ್ ಥರದ ಆ್ಯಪ್ ಬಳಸೋರು ಕೊಳ್ಳೋ ಮೊದಲೇ ಆ್ಯಪ್ ತೆರೆದು ಕಾಸ್ಟ್ ಚಿಹ್ನೆ ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಎಷ್ಟು ದುಡ್ಡಿನ ಸ್ಟ್ರೀಮರ್ ತಂದರೂ ಬ್ಲೂಟೂತ್‌ಗೇ ವಾಪಸ್ ಬರ್ತೀರಿ.

ವೀಣಾ_ಬಸವನಗುಡಿ

ಕಛೇರಿ ಕೇಳೋರು ಗ್ಯಾಪ್‌ಲೆಸ್ (ಟ್ರ್ಯಾಕ್‌ಗಳ ನಡುವೆ ಬಿಡುವಿಲ್ಲದೆ ನುಡಿಸೋದು) ಬಗ್ಗೆ ಮೊದಲು ವಿಚಾರಿಸಬೇಕು. ರಾಗ ತಾನ ಪಲ್ಲವಿಯನ್ನು ಸಿಡಿಯವರು ಮೂರು ನಾಲ್ಕು ಟ್ರ್ಯಾಕ್ ಮಾಡಿರ್ತಾರೆ. ತಾನ ಮುಗಿದು ಪಲ್ಲವಿ ಎತ್ತೋ ಕಡೆ ತಂಬೂರಿ ಶ್ರುತಿ ಅರ್ಧ ಸೆಕೆಂಡ್ ಕಡಿದರೆ ಕೂತು ಕೇಳೋಕಾಗಲ್ಲ.

ಎಲ್ಲಿ ಕಡಿಯುತ್ತೆ ಅಂದರೆ ಡಿಎಲ್‌ಎನ್‌ಎಯಲ್ಲಿ, ಅಂದರೆ ಮನೆಯ ಜಾಲದಲ್ಲಿ ಒಂದು ಸಾಧನದ ಫೈಲನ್ನು ಇನ್ನೊಂದರಲ್ಲಿ ನುಡಿಸೋ ಪದ್ಧತಿಯಲ್ಲಿ. ಫೋನ್ ಆ್ಯಪ್ ಒಂದು ಟ್ರ್ಯಾಕ್ ಮುಗಿದ ಮೇಲೆ ಮುಂದಿನದರ ವಿಳಾಸ ಕೊಡೋ ಥರ ಇದ್ದರೆ ಬಿಡುವು ಬಂದೇ ಬರುತ್ತೆ. ಮುಂದಿನ ಟ್ರ್ಯಾಕನ್ನು ಮೊದಲೇ ತಿಳಿಸೋ ಸೌಲಭ್ಯ ಆ್ಯಪ್‌ನಲ್ಲೂ ಸ್ಟ್ರೀಮರ್‌ನಲ್ಲೂ ಎರಡರಲ್ಲೂ ಇರಬೇಕು. ಲಿರಿಯನ್ ಮ್ಯೂಸಿಕ್ ಸರ್ವರ್‌ನಲ್ಲಿ ಈ ತೊಂದರೆ ಇಲ್ಲ, ಸರದಿ ಪಟ್ಟಿ ಸರ್ವರ್ ಬಳಿಯೇ ಇರುತ್ತೆ. ಇದು ಹಿಂದೆ ಲಾಜಿಟೆಕ್ ಸ್ಕ್ವೀಜ್‌ಬಾಕ್ಸ್‌ಗೆ ಇದ್ದ ಸರ್ವರೇ. ಕಂಪನಿ ಆ ಪೆಟ್ಟಿಗೆಗಳನ್ನು 2012ರಲ್ಲಿ ಕೈಬಿಟ್ಟಿತು, ಆನ್‌ಲೈನ್ ಸೇವೆಯನ್ನು 2024ರಲ್ಲಿ ಮುಚ್ಚಿತು. ಆದರೂ ಸರ್ವರ್ ಕೋಡ್ ಮುಕ್ತವಾಗಿದ್ದದ್ದರಿಂದ ಬಳಕೆದಾರರೇ ಹೆಸರು ಬದಲಿಸಿ ಮುಂದುವರಿಸಿದ್ದಾರೆ. ಕೊಂಡ ವಸ್ತು ಕಂಪನಿಯ ಸರ್ವರ್ ಇಲ್ಲದೆಯೂ ಬದುಕುತ್ತಾ ಅಂತ ಕೇಳಿಕೊಳ್ಳೋಕೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ.

ವೈಮ್ ಪ್ರೋ ಕೂಡ ಸ್ಕ್ವೀಜ್‌ಲೈಟ್ ಆಗಿ ಇದೇ ಸರ್ವರ್‌ಗೆ ಸೇರುತ್ತೆ. ಹಾಗಾಗಿ ಪೈಯೋ ವೈಮೋ ಅಂತ ಒಂದನ್ನೇ ಆರಿಸಬೇಕಿಲ್ಲ. ಡಿಎಸಿ ಬೋರ್ಡ್ ಇಲ್ಲದ ಬರೀ ಪೈಗೆ ಪೆನ್‌ಡ್ರೈವ್ ಸಿಕ್ಕಿಸಿ ರೌಟರ್ ಪಕ್ಕ ಇಡಿ, ಅದು ಸರ್ವರ್. ಆಂಪ್ ಹತ್ತಿರ ವೈಮ್, ಅದು ನುಡಿಸುತ್ತೆ. ಸ್ಪಾಟಿಫೈ ಆ್ಯಪ್‌ನಲ್ಲಿ ಕ್ರಾಸ್‌ಫೇಡ್ ಮತ್ತು ವಾಲ್ಯೂಮ್ ನಾರ್ಮಲೈಸ್ ಎರಡನ್ನೂ ಆಫ್ ಮಾಡಿ.

ಇನ್ನು ಟ್ಯಾಗ್. ಕರ್ನಾಟಕ ಸಂಗೀತಕ್ಕೆ ಆರ್ಟಿಸ್ಟ್, ಆಲ್ಬಮ್, ಟ್ರ್ಯಾಕ್ ಸಾಲದು. ರಾಗ, ತಾಳ, ವಾಗ್ಗೇಯಕಾರ ಬೇಕು. ಫ್ಲ್ಯಾಕ್‌ನಲ್ಲಿ ನಿಮಗೆ ಬೇಕಾದ ಹೆಸರಿನ ಟ್ಯಾಗ್ ಸೇರಿಸಬಹುದು, ಮಿನಿಮ್‌ಸರ್ವರ್ ಅನ್ನೋ ಇನ್ನೊಂದು ಸರ್ವರ್ ತಂತ್ರಾಂಶ ಅಂಥ ಟ್ಯಾಗ್‌ಗಳನ್ನೇ ಮೆನು ಮಾಡಿ ತೋರಿಸುತ್ತೆ. ಕಲ್ಯಾಣಿ ಅಂತ ಒತ್ತಿದರೆ ಎಲ್ಲ ಗಾಯಕರ ಕಲ್ಯಾಣಿಯೂ ಒಂದೇ ಕಡೆ ಬರುತ್ತೆ. ಈ ಸುಖ ಯಾವ ಸ್ಟ್ರೀಮಿಂಗ್ ಸೇವೆಯಲ್ಲೂ ಇಲ್ಲ. ಅಲ್ಲಿ ಒಂದೇ ಕೃತಿ ಇಂಗ್ಲಿಷ್ ಅಕ್ಷರದಲ್ಲಿ ಹತ್ತು ಥರ ಬರೆದಿರುತ್ತೆ. ಫ್ಲ್ಯಾಕ್ ಟ್ಯಾಗ್ ಯುಟಿಎಫ್-8 ಆದ್ದರಿಂದ ಕನ್ನಡದಲ್ಲೇ ಬರೆದಿಟ್ಟರೂ ಫೋನ್ ಆ್ಯಪ್‌ನಲ್ಲಿ ಸರಿಯಾಗಿ ಕಾಣುತ್ತೆ. ಸ್ಟ್ರೀಮರ್‌ನ ಸ್ವಂತ ಪರದೆಯಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಚೌಕಗಳು ಬರ್ತವೆ ಅಥವಾ ಒತ್ತಕ್ಷರ ಬಿಡಿಬಿಡಿಯಾಗುತ್ತೆ. ಪರದೆ ಇರೋ ಮಾಡೆಲ್ ಕೊಳ್ಳೋರು ಅಂಗಡಿಯಲ್ಲೇ ಒಂದು ಕನ್ನಡ ಹೆಸರಿನ ಹಾಡು ಹಾಕಿಸಿ ನೋಡಿ.

ಹೈಎಂಡ್_ಹವ್ಯಾಸಿ

ಎಲ್ಲರೂ ಸ್ಟ್ರೀಮರ್‌ನಿಂದ ಧ್ವನಿ ಬದಲಾಗಲ್ಲ ಅನ್ನೋ ಹಾಗೆ ಮಾತಾಡ್ತಿದ್ದೀರಿ. ಲಕ್ಷ ರೂಪಾಯಿ ಮೇಲಿನ ಸ್ಟ್ರೀಮರ್ ಹಾಕಿದಾಗ ವೇದಿಕೆ ಅಗಲವಾಗಿ, ಸದ್ದು ಹೆಚ್ಚು ತುಂಬಿಕೊಂಡು ಕೇಳುತ್ತೆ. ಕಿವಿ ಸುಳ್ಳು ಹೇಳಲ್ಲ.

ಸರ್ಕ್ಯೂಟ್_ಶಾಸ್ತ್ರಿ

ನಿಮ್ಮ ಕಿವಿ ಕೇಳಿದ್ದನ್ನು ನಾನು ಅಲ್ಲಗಳೆಯಲ್ಲ. ಕಾರಣ ಬೇರೆ ಇರಬಹುದು ಅಷ್ಟೆ. ಎರಡು ಸಾಧನಗಳ ಅನಲಾಗ್ ಔಟ್‌ಪುಟ್ ಒಂದೇ ಮಟ್ಟದಲ್ಲಿ ಇರೋದಿಲ್ಲ. ಒಂದು 2 ವೋಲ್ಟ್, ಇನ್ನೊಂದು 2.3 ವೋಲ್ಟ್ ಕೊಟ್ಟರೆ ವ್ಯತ್ಯಾಸ 1.2 ಡೆಸಿಬೆಲ್. ಇಷ್ಟು ವ್ಯತ್ಯಾಸ ನಮಗೆ ಜೋರು ಅಂತ ಅನ್ನಿಸಲ್ಲ, ತುಂಬಿದೆ, ಅಗಲವಾಗಿದೆ ಅಂತ ಅನ್ನಿಸುತ್ತೆ.

ಪರೀಕ್ಷೆ ಹೀಗೆ ಮಾಡಿ. 200 ಹರ್ಟ್ಸ್ ಶುದ್ಧ ಸ್ವರದ ಫೈಲ್ ತಗೊಳ್ಳಿ. ಸಾಮಾನ್ಯ ಮಲ್ಟಿಮೀಟರ್‌ಗಳು ಹೆಚ್ಚಿನ ಆವರ್ತನದಲ್ಲಿ ತಪ್ಪು ತೋರಿಸ್ತವೆ, ಅದಕ್ಕೇ 1000 ಹರ್ಟ್ಸ್ ಬೇಡ. ಮೀಟರ್ ಎಸಿ ವೋಲ್ಟ್‌ಗಿಟ್ಟು ಎಡ ಸ್ಪೀಕರ್ ಟರ್ಮಿನಲ್‌ಗೆ ಮುಟ್ಟಿಸಿ, ಮೊದಲ ಸಾಧನದಲ್ಲಿ ಆಂಪ್ ತಿರುಗಿಸಿ 1.00 ವೋಲ್ಟ್‌ಗೆ ನಿಲ್ಲಿಸಿ. ಎರಡನೆಯದಕ್ಕೆ ಬದಲಿಸಿ ಮತ್ತೆ 0.99ರಿಂದ 1.01ರೊಳಗೆ ತನ್ನಿ. ಅಲ್ಲಿಗೆ ವ್ಯತ್ಯಾಸ 0.1 ಡೆಸಿಬೆಲ್ ಒಳಗೆ ಬಂತು. ಆಮೇಲೆ ಯಾವುದು ನುಡೀತಿದೆ ಅಂತ ನಿಮಗೆ ಗೊತ್ತಾಗದ ಹಾಗೆ ಬೇರೊಬ್ಬರ ಕೈಲಿ ಬದಲಿಸಿ, 16 ಸಲ ಬರೆದಿಡಿ. 12 ಅಥವಾ ಹೆಚ್ಚು ಸರಿ ಬಂದರೆ ವ್ಯತ್ಯಾಸ ನಿಜವಾಗಿ ಕೇಳ್ತಿದೆ ಅಂತ ಒಪ್ಪಬಹುದು. ಡಿಜಿಟಲ್ ಔಟ್‌ನಿಂದ ಒಂದೇ ಡಿಎಸಿಗೆ ಕೊಟ್ಟು ಈ ಪರೀಕ್ಷೆ ದಾಟೋದು ತುಂಬ ಕಷ್ಟ.

ದುಬಾರಿ ಪೆಟ್ಟಿಗೆಯಲ್ಲಿ ಒಳ್ಳೆಯ ಪರದೆ, ಗಟ್ಟಿ ಕವಚ, ಒಳಗೇ ಎಸ್‌ಎಸ್‌ಡಿ ಹಾಕೋ ಜಾಗ ಇರುತ್ತೆ. ಅದಕ್ಕಾಗಿ ಕೊಂಡರೆ ನನ್ನ ತಕರಾರಿಲ್ಲ.

ವೀಣಾ_ಬಸವನಗುಡಿ

ಧ್ವನಿ ನಿಜವಾಗಿ ಬದಲಾಗೋ ಜಾಗ ಒಂದಿದೆ, ಸ್ಟ್ರೀಮರ್‌ನೊಳಗಿನ ಪ್ಯಾರಾಮೆಟ್ರಿಕ್ ಈಕ್ವಲೈಸರ್ (ಈಕ್ಯೂ), ಅಂದರೆ ಬೇಕಾದ ಆವರ್ತನವನ್ನಷ್ಟೇ ಆರಿಸಿ ಏರಿಸೋ ಇಳಿಸೋ ಸೌಲಭ್ಯ. ನಾದಲೋಲ ಅವರ ಕೋಣೆ ಲೆಕ್ಕ ಹಾಕಿ. 12 ಅಡಿ ಅಂದರೆ 3.66 ಮೀಟರ್, ಅದರ ಮೊದಲ ಅನುರಣನ 47 ಹರ್ಟ್ಸ್. ಅಗಲ 10 ಅಡಿ, ಚಾವಣಿಯೂ 10 ಅಡಿ, ಎರಡೂ 56 ಹರ್ಟ್ಸ್‌ನಲ್ಲೇ ಬಂದು ಕೂಡ್ತವೆ. ಸಿಮೆಂಟ್ ಗೋಡೆ, ಟೈಲ್ಸ್ ನೆಲ ಆದರೆ ಅಲ್ಲಿ ಗುಂಯ್ ಅನ್ನೋ ಗುಡ್ಡ ಏಳುತ್ತೆ. ಮೃದಂಗದ ಎಡಗೈಯ ಗುಂಕಿ ಸ್ಪಷ್ಟವಾಗಿ ಬಿದ್ದು ನಿಲ್ಲೋ ಬದಲು ಕೋಣೆ ತುಂಬ ಎಳೆದುಕೊಳ್ಳುತ್ತೆ.

ಮೊದಲು ದುಡ್ಡಿಲ್ಲದ ಮದ್ದು: ಸ್ಪೀಕರ್‌ಗಳನ್ನು ಹಿಂಗೋಡೆಯಿಂದ 40 ಸೆಂಟಿಮೀಟರ್ ಮುಂದೆ ತನ್ನಿ, ಮೂಲೆಯಿಂದ ದೂರ ಇಡಿ. ಕೂರೋ ಜಾಗ ಕೋಣೆಯ ನಟ್ಟನಡುವೆಯೂ ಬೇಡ, ಗೋಡೆಗೆ ಒರಗಿಯೂ ಬೇಡ. ಉಳಿದದ್ದಕ್ಕೆ ಈಕ್ಯೂನಲ್ಲಿ 56 ಹರ್ಟ್ಸ್, ಮೈನಸ್ 6 ಡೆಸಿಬೆಲ್, ಕ್ಯೂ (ಫಿಲ್ಟರ್ ಎಷ್ಟು ಕಿರಿದು ಅನ್ನೋ ಅಳತೆ) 5 ಅಂತ ಒಂದು ಫಿಲ್ಟರ್ ಹಾಕಿ ಕೇಳಿ. ಅಳತೆ ಮೈಕ್ ಸಿಕ್ಕರೆ ಆರ್‌ಇಡಬ್ಲ್ಯು ಅನ್ನೋ ಕೋಣೆ ಅಳೆಯೋ ತಂತ್ರಾಂಶದಲ್ಲಿ ಅಳೆದು ನಿಖರ ಮಾಡಿಕೊಳ್ಳಿ. ಫೋನ್‌ನ ಮೈಕ್ ಕೆಳಸ್ವರಕ್ಕೆ ನಂಬಿಕಸ್ಥ ಅಲ್ಲ. ಗುಡ್ಡ ಕಡಿಯಿರಿ, ಹಳ್ಳ ತುಂಬಬೇಡಿ. ಅನುರಣನದಿಂದ ಆದ ಹಳ್ಳಕ್ಕೆ ಎಷ್ಟು ಸುರಿದರೂ ತುಂಬಲ್ಲ, ಆಂಪ್‌ನ ಶಕ್ತಿ ಮಾತ್ರ ಖರ್ಚಾಗುತ್ತೆ.

ಎ-ಎಸ್301ರ ಬಾಸ್ ಗುಂಡಿ ಈ ಕೆಲಸ ಮಾಡಲ್ಲ, ಅದು ಕೆಳಗಿನದ್ದನ್ನೆಲ್ಲ ಒಟ್ಟಿಗೆ ಇಳಿಸುತ್ತೆ. ಸ್ಟ್ರೀಮರ್ ಕೊಳ್ಳೋಕೆ ನಾನು ಕೊಡೋ ಮೊದಲ ಕಾರಣ ಇದೇ.

ಹಳೆಸೆಟ್_ಶಿವಮೊಗ್ಗ

ನಡುವೆ ಬಂದದ್ದಕ್ಕೆ ಕ್ಷಮಿಸಿ. ಎಂಬತ್ತರ ದಶಕದ ಕಾಸ್ಮಿಕ್ ಆಂಪ್ಲಿಫೈಯರ್‌ಗೆ ಸ್ಟ್ರೀಮರ್ ಸೇರಿಸಬಹುದಾ? ಹಿಂದೆ ಆರ್‌ಸಿಎ ಇಲ್ಲ, ಐದು ಪಿನ್ನಿನ ದುಂಡು ಸಾಕೆಟ್ ಇದೆ.

ಸರ್ಕ್ಯೂಟ್_ಶಾಸ್ತ್ರಿ

ಖಂಡಿತ ಸೇರಿಸಬಹುದು, ಅದು ಡಿನ್ ಸಾಕೆಟ್. ಆಕ್ಸ್ ಅಥವಾ ಟೇಪ್ ಅಂತ ಬರೆದಿರೋದಕ್ಕೆ ಹಾಕಿ, ಫೋನೋಗೆ ಬೇಡ. ಅರ್ಧವೃತ್ತದಲ್ಲಿ ಪಿನ್‌ಗಳ ಕ್ರಮ 1, 4, 2, 5, 3. ಪ್ಲಗ್‌ನ ಬೆಸುಗೆ ಬದಿಯಲ್ಲಿ ಸಂಖ್ಯೆ ಅಚ್ಚಾಗಿರುತ್ತೆ, ಭೂತಗನ್ನಡಿ ಹಿಡಿದು ನೋಡಿ. ಎಡ ಚಾನೆಲ್ 3ಕ್ಕೆ, ಬಲ 5ಕ್ಕೆ, ಎರಡೂ ಕೇಬಲ್‌ನ ಶೀಲ್ಡ್ 2ಕ್ಕೆ. ಟೇಪ್ ಸಾಕೆಟ್‌ನಲ್ಲಿ 1 ಮತ್ತು 4 ರೆಕಾರ್ಡಿಂಗ್‌ಗಾಗಿ ಆಂಪ್‌ನಿಂದ ಹೊರಬರೋ ಸಿಗ್ನಲ್, ಅವನ್ನು ಖಾಲಿ ಬಿಡಿ.

ಮುಂದಿನ ತೊಂದರೆ ಮಟ್ಟ. ಆ ಕಾಲದ ಇನ್‌ಪುಟ್‌ಗಳು 200 ಮಿಲಿವೋಲ್ಟ್ ಆಸುಪಾಸಿಗೆ ತಯಾರಾದವು, ಸ್ಟ್ರೀಮರ್ ಕೊಡೋದು 2 ವೋಲ್ಟ್. ಹತ್ತು ಪಟ್ಟು ಹೆಚ್ಚು. ವಾಲ್ಯೂಮ್ ಸ್ವಲ್ಪ ತಿರುಗಿಸಿದರೆ ಕಿರುಚುತ್ತೆ, ಮೊದಲ ಹಂತವೇ ತುಂಬಿ ಸದ್ದು ಒಡೆಯಲೂಬಹುದು. ಚಾನೆಲ್‌ಗೆ ಎರಡರಂತೆ ಕಾಲು ವ್ಯಾಟ್ ಮೆಟಲ್ ಫಿಲ್ಮ್ ರೆಸಿಸ್ಟರ್ ಹಾಕಿ: ಸಿಗ್ನಲ್ ದಾರಿಯಲ್ಲಿ 47 ಕಿಲೋಓಮ್, ಅದರ ನಂತರ ಸಿಗ್ನಲ್‌ನಿಂದ ಗ್ರೌಂಡ್‌ಗೆ 5.6 ಕಿಲೋಓಮ್. 2 ವೋಲ್ಟ್ ಸುಮಾರು 200 ಮಿಲಿವೋಲ್ಟ್‌ಗೆ ಇಳಿಯುತ್ತೆ. ರೆಸಿಸ್ಟರ್‌ಗಳು ಆಂಪ್ ತುದಿಯಲ್ಲಿ, ಡಿನ್ ಪ್ಲಗ್‌ಗೆ ಹತ್ತಿರ ಇರಲಿ. ಸ್ಟ್ರೀಮರ್ ತುದಿಯಲ್ಲಿ ಹಾಕಿದರೆ ಉದ್ದ ಕೇಬಲ್ ಗೊರಗೊರ ಸದ್ದು ಹಿಡಿಯುತ್ತೆ. ಆ ವಯಸ್ಸಿನ ಆಂಪ್‌ನ ಎಲೆಕ್ಟ್ರೋಲೈಟಿಕ್ ಕೆಪ್ಯಾಸಿಟರ್‌ಗಳನ್ನು ಒಮ್ಮೆ ತಿಳಿದವರಿಗೆ ತೋರಿಸಿ, ಆಮೇಲೆ ಸ್ಟ್ರೀಮರ್ ವಿಚಾರ.

ನಾದಲೋಲ_ಮೈಸೂರು

ಎಲ್ಲರಿಗೂ ತುಂಬ ಧನ್ಯವಾದ. ವೈಮ್ ಪ್ರೋ, ಕೋಆಕ್ಸಿಯಲ್‌ನಲ್ಲಿ ಆಂಪ್‌ಗೆ. ರೌಟರ್ ಪಕ್ಕ ಪೈ ಸರ್ವರ್. ಇಷ್ಟು ನಿರ್ಧಾರವಾಯಿತು. ಮನೆಯಲ್ಲಿ ಫೈಬರ್ ಕಂಪನಿಯ ಪೆಟ್ಟಿಗೆ ಒಂದು, ಅದಕ್ಕೆ ಸೇರಿಸಿದ ಸ್ವಂತ ವೈಫೈ ರೌಟರ್ ಒಂದು ಇದೆ. ಕೋಆಕ್ಸಿಯಲ್‌ಗೆ ವಿಶೇಷ ಕೇಬಲ್ ಬೇಕಾ? ಮತ್ತೆ ಆಕಾಶವಾಣಿಯ ರಾಗಂ ಕೇಳೋಕಾಗುತ್ತಾ?

ಜಾಲಹಳ್ಳಿ_ಜಾಲಿಗ

ಎರಡು ರೌಟರ್ ಅಂದಿರಲ್ಲ, ಮುಂದೆ ಬರೋ ತೊಂದರೆ ಅಲ್ಲೇ ಇದೆ. ಫೋನ್ ಒಂದರ ವೈಫೈನಲ್ಲಿ, ಸ್ಟ್ರೀಮರ್ ಇನ್ನೊಂದರಲ್ಲಿ ಇದ್ದರೆ ಕಾಸ್ಟ್ ಪಟ್ಟಿಯಲ್ಲಿ ಸ್ಟ್ರೀಮರ್ ಕಾಣಲ್ಲ. ಸಾಧನ ಹುಡುಕೋ ಸಂದೇಶ ಒಂದು ಜಾಲದಿಂದ ಇನ್ನೊಂದಕ್ಕೆ ದಾಟಲ್ಲ. ಎರಡರ ಐಪಿ ನೋಡಿ: ಒಂದು 192.168.1, ಇನ್ನೊಂದು 192.168.0 ಅಂತ ಶುರುವಾದರೆ ಇದೇ ರೋಗ. ಸ್ವಂತ ರೌಟರನ್ನು ಆ್ಯಕ್ಸೆಸ್ ಪಾಯಿಂಟ್ (ಬರೀ ವೈಫೈ ಹಂಚೋ) ಮೋಡ್‌ಗೆ ಹಾಕಿ, ಕಂಪನಿ ಪೆಟ್ಟಿಗೆಯ ವೈಫೈ ಆಫ್ ಮಾಡಿ. ಗೆಸ್ಟ್ ವೈಫೈಗೆ ಸೇರಿಸಬೇಡಿ, ಎಪಿ ಐಸೊಲೇಶನ್ (ಸಾಧನಗಳು ಒಂದಕ್ಕೊಂದು ಕಾಣದಂತೆ ಮಾಡೋದು) ಅಂತ ಆಯ್ಕೆ ಇದ್ದರೆ ತೆಗೆಯಿರಿ. ಪೈ ಮತ್ತು ವೈಮ್ ಎರಡಕ್ಕೂ ರೌಟರ್‌ನಲ್ಲಿ ಐಪಿ ಕಾಯ್ದಿರಿಸಿ. ಇಲ್ಲವಾದರೆ ಕರೆಂಟ್ ಹೋಗಿ ಬಂದ ಮೇಲೆ ವಿಳಾಸ ಬದಲಾಗಿ ಆ್ಯಪ್ ಹಳೆಯದನ್ನೇ ಹುಡುಕ್ತಿರುತ್ತೆ. ರೌಟರ್‌ಗೆ 12 ವೋಲ್ಟ್ ಮಿನಿ ಯುಪಿಎಸ್ ಹಾಕಿದರೆ ಇನ್ನೂ ಒಳ್ಳೆಯದು.

2.4 ಗಿಗಾಹರ್ಟ್ಸ್‌ನಲ್ಲಿ ಅಕ್ಕಪಕ್ಕದ ಮನೆಗಳ ಗದ್ದಲ ಇದ್ದರೆ 5ಕ್ಕೆ ಸೇರಿಸಿ. ಗೋಡೆ ಎರಡಕ್ಕಿಂತ ಹೆಚ್ಚಿದ್ದರೆ ಈಥರ್ನೆಟ್ ಎಳೆಯಿರಿ. ಸಿಡಿ ಗುಣಮಟ್ಟದ ಫ್ಲ್ಯಾಕ್ ಕೇಳೋದು 1 ಎಂಬಿಪಿಎಸ್ ಆಸುಪಾಸು, ಆದ್ದರಿಂದ ಸಾಧಾರಣ ಕ್ಯಾಟ್ 5ಇ ಧಾರಾಳ.

ಸರ್ಕ್ಯೂಟ್_ಶಾಸ್ತ್ರಿ

ಕೋಆಕ್ಸಿಯಲ್‌ಗೆ 75 ಓಮ್ ಅಂತ ಬರೆದಿರೋ ಒಂದು ಆರ್‌ಸಿಎ ಕೇಬಲ್, 1 ಮೀಟರ್, ಸಾಕು. ಟಿವಿಗೆ ಬರ್ತಿದ್ದ ಹಳದಿ ಆರ್‌ಸಿಎ ವೈರ್ ಕೂಡ 75 ಓಮ್ ಆಗಿರುತ್ತೆ, ಮನೆಯಲ್ಲಿದ್ದರೆ ಅದನ್ನೇ ಹಾಕಿ. ಗೊಯ್ ಅನ್ನೋ ಸದ್ದು ಶುರುವಾದರೆ ಆಪ್ಟಿಕಲ್‌ಗೆ ಬದಲಿಸಿ, ಬೆಳಕಿನ ದಾರಿಯಲ್ಲಿ ಕರೆಂಟ್ ಹರಿಯಲ್ಲ, ಗ್ರೌಂಡ್ ಲೂಪ್ (ಸಾಧನಗಳ ಅರ್ತ್ ನಡುವೆ ಸುತ್ತೋ ಕರೆಂಟ್) ಕಡಿಯುತ್ತೆ. ಅದಕ್ಕೂ ಮೊದಲು ಗೋಡೆಯ ಸಾಕೆಟ್‌ನಲ್ಲಿ ಅರ್ತ್ ಇದೆಯಾ ನೋಡಿಸಿ. ಫೇಸ್‌ನಿಂದ ಅರ್ತ್‌ಗೆ 230ರ ಹತ್ತಿರ, ನ್ಯೂಟ್ರಲ್‌ನಿಂದ ಅರ್ತ್‌ಗೆ ಒಂದೆರಡು ವೋಲ್ಟ್ ಬರಬೇಕು. ಇದನ್ನು ಎಲೆಕ್ಟ್ರಿಶಿಯನ್ ಕೈಲೇ ಮಾಡಿಸಿ.

ವೈಮ್ ಆ್ಯಪ್‌ನಲ್ಲಿ ಕೋಆಕ್ಸಿಯಲ್ ಔಟ್ ಆರಿಸಿ ವಾಲ್ಯೂಮ್ ಫಿಕ್ಸೆಡ್ ಮಾಡಿ, ಏರಿಸೋದು ಇಳಿಸೋದು ಆಂಪ್‌ನಲ್ಲೇ ಇರಲಿ. ಹೀಗೆ ಮಾಡೋ ಮೊದಲು ಆಂಪ್ ವಾಲ್ಯೂಮ್ ಸೊನ್ನೆಗೆ ತನ್ನಿ. ಸ್ವಂತ ಆಂಪ್ ಒಳಗಿರೋ ಆ್ಯಕ್ಟಿವ್ ಸ್ಪೀಕರ್ ಬಳಸೋರು ಫಿಕ್ಸೆಡ್ ಮಾಡಲೇಬೇಡಿ, ಪೂರ್ತಿ ಜೋರಾಗಿ ಬಡಿದು ಟ್ವೀಟರ್ ಹೋಗಬಹುದು.

ವೀಣಾ_ಬಸವನಗುಡಿ

ರಾಗಂ ಧಾರಾಳ ಬರುತ್ತೆ. 2016ರ ಜನವರಿ 26ರಂದು ನಮ್ಮ ಬೆಂಗಳೂರು ಕೇಂದ್ರದಿಂದ ಶುರುವಾದ 24 ಗಂಟೆಯ ಶಾಸ್ತ್ರೀಯ ಸಂಗೀತದ ವಾಹಿನಿ ಅದು, ಅಂತರ್ಜಾಲದಲ್ಲೂ ಸಿಗುತ್ತೆ. ವೈಮ್ ಆ್ಯಪ್‌ನಲ್ಲಿ ನೆಟ್‌ವರ್ಕ್ ಸ್ಟ್ರೀಮ್ ತೆರೆಯೋ ಜಾಗದಲ್ಲಿ ಸ್ಟ್ರೀಮ್ ವಿಳಾಸ ಅಂಟಿಸಿ ಹೆಸರು ಕೊಟ್ಟು ಉಳಿಸಿ, ಆಮೇಲೆ ಪ್ರೀಸೆಟ್‌ಗೆ ಸೇರಿಸಿ. ವಿಳಾಸ ಬದಲಾದರೆ ಪ್ರೀಸೆಟ್ ಸುಮ್ಮನಾಗುತ್ತೆ, ಆಗ ಹೊಸದನ್ನು ಅಂಟಿಸಬೇಕು, ಪೆಟ್ಟಿಗೆ ಕೆಟ್ಟಿರಲ್ಲ. ಲಿರಿಯನ್‌ನಲ್ಲಿಯೂ ಇದೇ ವಿಳಾಸವನ್ನು ಫೇವರಿಟ್‌ಗೆ ಹಾಕಿಕೊಳ್ಳಬಹುದು. ಅಲ್ಲಿ ಅಲಾರಂ ಸೌಲಭ್ಯವೂ ಇದೆ, ಬೆಳಗ್ಗೆ 6ಕ್ಕೆ ತಾನಾಗಿ ಶುರುವಾಗೋ ಹಾಗೆ ಇಡಬಹುದು. ಆಂಪ್ ಮಾತ್ರ ನೀವೇ ಆನ್ ಮಾಡಬೇಕು.